ಎರೆಕೊಪ್ಪದ ಗಂಗಾ ಮತ್ತು ಅವಳ ನಾಲ್ಕು ಕುರ್ಚಿ

ಊಟ ಹಾಕುವ ವಿಷಯದಲ್ಲಿ ನಮ್ಮ ಎರೆಕೊಪ್ಪವನ್ನು ಮೀರಿಸುವ ಊರು ಈ ಭೂಮಂಡಲದಲ್ಲಿ ಇಲ್ಲ. ಊರಿನ ಒಂದು ಕಡೆ ಬೆಣ್ಣಿಹಳ್ಳ, ಇನ್ನೊಂದು ಕಡೆ ತುಪ್ಪರಿಹಳ್ಳ. ಬೆಣ್ಣೆ ತುಪ್ಪಗಳ ನಡುವೆ ಕೂತ ಊರಿಗೆ ಬಂದ ಅತಿಥಿ ಹಸಿದು ಹೋದ ಎಂದು ಯಾವ ಕಲ್ಲಿನ ಶಾಸನದಲ್ಲೂ ಬರೆದಿಲ್ಲ. ಹೊಲ ಅಳೆಯಲು ಬಂದ ನವಲಗುಂದದ ಮೋಜಣಿದಾರನೊಬ್ಬ ನಮ್ಮ ಉಪಚಾರದ ರಭಸಕ್ಕೆ ಹೆದರಿ ಹಿತ್ತಲ ಗೋಡೆ ಹಾರಿ ಓಡಿದ್ದ. ಹೋಳಿಗೆ ಹಿಡಿದು ಬೆನ್ನು ಹತ್ತಿದವರು ಅವನನ್ನು ಅಣ್ಣಿಗೇರಿ ಸೀಮೆಯಲ್ಲಿ ಹಿಡಿದು, ಹೊಲದ ಬದುವಿನ ಮೇಲೆ ಕೂರಿಸಿ, ತುಪ್ಪ ಹಾಕಿ ತಿನ್ನಿಸಿಯೇ ತಿರುಗಿ ಬಂದರು. ನಮ್ಮಲ್ಲಿ ಯಾರು ಯಾರ ಮನೆಯಲ್ಲಿ ಬೇಕಾದರೂ ಕೂತು ಉಣ್ಣಬಹುದು, ಮೇಲು ಕೀಳು ಎಂಬುದೇ ಇಲ್ಲ. ಈ ಮಾತನ್ನು ನಾವು ಎಷ್ಟು ಸಲ ಹೇಳಿದ್ದೇವೆಂದರೆ ಊರಿನ ಎಮ್ಮೆಗಳಿಗೂ ಬಾಯಿಪಾಠವಾಗಿದೆ.

ಗಂಗಾಳ ಎದುರಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಗಂಗಾ ಕೆಳಗಿನ ಓಣಿಯ ಸಾವಂತ್ರೆವ್ವನ ಮಗಳು. ಕೆಳಗಿನ ಓಣಿ ಎಂದರೆ ಎಂಥದ್ದು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಊರಿಗೂ ಒಂದಿರುತ್ತದೆ. ಹಳ್ಳದ ನೀರು ಮೊದಲು ಅಲ್ಲಿಗೆ ನುಗ್ಗುತ್ತದೆ, ನಲ್ಲಿಯ ನೀರು ಕೊನೆಗೆ ಬರುತ್ತದೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಬಾಜೂಕ್ಕೆ ಬಾಬಾಸಾಹೇಬರದು. ಗಂಗಾಳಿಗೆ ಮೂವತ್ತೈದರ ಆಸುಪಾಸು. ಆಳು ಗಿಡ್ಡ, ಧ್ವನಿ ಉದ್ದ. ಅವಳು ಅಂಗಳದಲ್ಲಿ ನಿಂತು ಕೆಮ್ಮಿದರೆ ಕುಂದಗೋಳದಲ್ಲಿ ಯಾರೋ ಎದ್ದು ಬಾಗಿಲು ತೆಗೆಯುತ್ತಾರೆ.

ಅವಳ ತಾಯಿ ಸಾವಂತ್ರೆವ್ವ ಈರಬಸಪ್ಪ ಗೌಡರ ಹೊಲದಲ್ಲಿ ಕಳೆ ತೆಗೆದೇ ಮುದುಕಿಯಾದವಳು. ಗೌಡರು ಕೈಬಿಗಿ ಮನುಷ್ಯರಲ್ಲ. ಆಳುಗಳಿಗೆ ಹೊಟ್ಟೆ ತುಂಬ ರೊಟ್ಟಿ, ಪಲ್ಯ, ಮಜ್ಜಿಗೆ. ಊಟ ಮಾತ್ರ ದನದ ಕೊಟ್ಟಿಗೆಯ ಹಿಂದೆ. ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡಿದೆ. ಕೆಳಗಿನ ಓಣಿಯವರ ತಾಟು, ಲೋಟ ಅದರಲ್ಲಿ. ಉಂಡವರೇ ತೊಳೆದು, ಬೋರಲು ಹಾಕಿ ಹೋಗಬೇಕು. ಗಂಗಾ ಚಿಕ್ಕವಳಿದ್ದಾಗ ತಾಯಿಯ ತಾಟು ತೊಳೆಯುವ ಕೆಲಸ ಅವಳದು. ಬೂದಿ ಹಚ್ಚಿ ಎಷ್ಟು ಉಜ್ಜುತ್ತಿದ್ದಳೆಂದರೆ ಗೌಡರ ಎತ್ತುಗಳು ಅದರಲ್ಲಿ ಮುಖ ನೋಡಿಕೊಂಡು ಹೊಲಕ್ಕೆ ಹೊರಡುತ್ತಿದ್ದವು.

ಹರೆಯಕ್ಕೆ ಬಂದಾಗ ಚಿಗವ್ವನ ಜೊತೆ ಅಳ್ನಾವರಕ್ಕೆ ಹೋಗಿ, ಗೋವಾ ರೈಲು ಹತ್ತಿ, ಸಮುದ್ರದಂಡೆಯ ಒಂದು ಇಟಾಲಿಯನ್ ಹೋಟೆಲಿನಲ್ಲಿ ತಾಟು ತೊಳೆಯಲು ನಿಂತಳು. ಮೊದಲ ದಿನ ಗಿರಾಕಿಗಳು ಉಂಡ ತಾಟನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು ಹೋಗುವುದನ್ನು ನೋಡಿ, “ಚಿಗವ್ವಾ, ಇಷ್ಟ ದೊಡ್ಡ ಮಂದಿಗೆ ಒಂದ ತಾಟ ತೊಳಿಯಾಕ ಬರೂದಿಲ್ಲೇನ?” ಎಂದು ಕೇಳಿದ್ದಳಂತೆ. ಹೋಟೆಲಿನ ಮಾಲಕಿ ಇಟಲಿಯಿಂದಲೇ ಬಂದ ಮುದುಕಿ. ಆಕೆ ತನ್ನ ಭಾಷೆಯಲ್ಲಿ ಬೈಯುವಳು, ಗಂಗಾ ನವಲಗುಂದದ ಕನ್ನಡದಲ್ಲಿ ತಿರುಗಿ ಬೈಯುವಳು. ಒಬ್ಬರದು ಒಬ್ಬರಿಗೆ ಒಂದಕ್ಷರ ತಿಳಿಯದ ಕಾರಣ ವರ್ಷಗಟ್ಟಲೆ ಜಗಳವೇ ಇಲ್ಲದೆ ಕಳೆಯಿತು. ತಾಟಿನಿಂದ ತರಕಾರಿಗೆ, ತರಕಾರಿಯಿಂದ ಒಲೆಗೆ ಗಂಗಾ ಏರಿದಳು.

ತಾಯಿಯ ಮೊಣಕಾಲು ಕೈಕೊಟ್ಟಾಗ ಊರಿಗೆ ಬಂದಳು. ಬಂದವಳು ಮೊದಲು ಮಾಡಿದ್ದೇ ಬಸ್‌ಸ್ಟ್ಯಾಂಡಿನ ಬಾಜೂ ಬೀಗ ಜಡಿದು ಬಿದ್ದಿದ್ದ ಪಂಚಾಯ್ತಿ ಮಳಿಗೆಯನ್ನು ಬಾಡಿಗೆಗೆ ಕೇಳಿದ್ದು. ಪಂಚಾಯ್ತಿ ಅಧ್ಯಕ್ಷರು ಯಾರು? ಈರಬಸಪ್ಪ ಗೌಡರೇ.

“ಇಟಾಲಿಯನ್ ಹೋಟೆಲ್ ಮಾಡ್ತೀನ್ರಿ ಗೌಡ್ರ.”

“ನಮ್ಮೂರಾಗ ಅದನ್ನ ಯಾರ್ ತಿಂತಾರಲೇ ಗಂಗೀ?”

“ತಿಂದ ನೋಡಿದ್ರ ಗೊತ್ತಾಗೂದಲ್ರಿ?”

“ಹಂಗಲ್ಲ ಬೇ. ನಾ ಏನ್ ಅಂತೀನಿ ಅಂದ್ರ...” ಎಂದರು ಗೌಡರು. ಏನಂತಾರೆ ಎಂಬುದನ್ನು ಕೊನೆಗೂ ಅನ್ನಲಿಲ್ಲ. ಮಳಿಗೆಯ ಕೀಲಿ ಕಳೆದಿದೆ, ಹುಡುಕಿ ಹೇಳುತ್ತೇನೆ ಎಂದರು. ಹಾಗೆ ಅನ್ನುತ್ತಾ ಅಂಗಿಯ ಕಿಸೆಗೆ ಕೈ ಹಾಕಿದಾಗ ಒಳಗೆ ಕೀಲಿಗೊಂಚಲು ಕಿಣಿಕಿಣಿ ಎಂದಿತು. ಗಂಗಾ ಆ ಕಿಸೆಯನ್ನು ಒಂದು ಸಲ ನೋಡಿದಳು, ಗೌಡರನ್ನು ಒಂದು ಸಲ ನೋಡಿದಳು, ಮನೆಗೆ ಹೋದಳು.

ಮರುವಾರ ತನ್ನ ಅಂಗಳದಲ್ಲೇ ತಗಡಿನ ಚಪ್ಪರ ಹಾಕಿ, ಒಂದು ಮೇಜು, ನಾಲ್ಕು ಕುರ್ಚಿ ಇಟ್ಟಳು. ಜವೆಗೋದಿ ಹಿಟ್ಟು ಕಲಸಿ, ತೆಳ್ಳಗೆ ಲಟ್ಟಿಸಿ, ಉದ್ದುದ್ದ ಕೊಯ್ದು ಬಟ್ಟೆಯ ಹಗ್ಗದ ಮೇಲೆ ನೇತುಹಾಕಿದಳು. ದೂರದಿಂದ ನೋಡಿದ ನಮ್ಮ ಮೇಲಿನ ಓಣಿಯ ಹಿರಿಯರೊಬ್ಬರು, ಹುಡುಗಿ ಸಾಲಿ ಮಕ್ಕಳ ರಿಬ್ಬನ್ ಒಗೆಯುವ ಕೆಲಸ ಹಿಡಿದಿದ್ದಾಳೆಂದು ಮರುಗಿದರು.

ಕೆಳಗಿನ ಓಣಿಯವರು ಬಂದು ಕೂತು ಉಂಡರು. ಮೇಲಿನ ಓಣಿಯಿಂದ ಬಂದದ್ದು ಬರೀ ‘ಪಾರ್ಸಲ್’ ಎಂಬ ಮಾತು.

ಇಲ್ಲಿ ನಮ್ಮ ತರ್ಕವನ್ನು ಸ್ವಲ್ಪ ವಿವರಿಸಬೇಕು. ಹೋಟೆಲಿನಲ್ಲಿ ಅಡುಗೆ ಮಾಡುವವರು ಯಾರು ಎಂದು ನಾವು ಕೇಳುವುದಿಲ್ಲ. ಹುಬ್ಬಳ್ಳಿಗೆ ಹೋದರೆ ಯಾರು ಬಡಿಸಿದರೂ ಉಣ್ಣುತ್ತೇವೆ, ಮೇಲೆ ಎರಡನೇ ಸಲ ಹಾಕಿಸಿಕೊಳ್ಳುತ್ತೇವೆ. ಆದರೆ ಗಂಗಾಳದು ಹೋಟೆಲಲ್ಲ, ಮನೆ. ಮನೆಗೆ ಹೋಗಿ ಕೂತು ಉಣ್ಣುವುದು ಬೇರೆ ಮಾತು. ಪಾರ್ಸಲಿಗೆ ಮಾತ್ರ ಓಣಿ ಇಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ ಹೋದ ಅನ್ನಕ್ಕೆ ಊರೂ ಇಲ್ಲ, ಕೇರಿಯೂ ಇಲ್ಲ. ಹೀಗಾಗಿ ಸಂಜೆಯ ಹೊತ್ತು ಮೇಲಿನ ಓಣಿಯ ಗಂಡಸರು ಒಬ್ಬೊಬ್ಬರಾಗಿ ಹೊಟ್ಟೆನೋವೆಂದು ಹೊಲದ ಕಡೆ ಹೊರಡತೊಡಗಿದರು. ಅವರು ತಿರುಗಿ ಬಂದ ಮೇಲೆ ಓಣಿಯಲ್ಲಿ ಎದ್ದ ಬೆಳ್ಳುಳ್ಳಿಯ ಘಮಕ್ಕೆ ಸೊಳ್ಳೆಗಳು ಗುಳೆ ಎದ್ದು ಗದಗ ಜಿಲ್ಲೆ ಸೇರಿದವು. ನನ್ನ ಮನೆಯ ಕಟ್ಟೆಯ ಕೆಳಗೆ ಒಂದು ಖಾಲಿ ಡಬ್ಬಿ ಸಿಕ್ಕರೆ ನೀವು ಬೆರಗಾಗಬಾರದು.

ಒಂದು ದಿನ ಗಂಗಾ ಅಂಗಳದಲ್ಲಿ ನಿಂತು ಕುಂದಗೋಳಕ್ಕೆ ಕೇಳುವಂತೆ ಹೇಳಿದಳು: “ಇವತ್ತಿನಿಂದ ಪಾರ್ಸಲ್ ಬಂದ್! ಹಸದಾವರು ಬಂದ ಕುಂಡರ್ರಿ. ಕುರ್ಚಿ ಏನ್ ಕಡಿಯಂಗಿಲ್ಲ!”

ಮೇಲಿನ ಓಣಿಯಿಂದ ಯಾರೂ ಹೋಗಲಿಲ್ಲ. ಗಂಗಾ ದಿನಾ ಬೆಳಿಗ್ಗೆ ನಾಲ್ಕೂ ಕುರ್ಚಿ ಒರೆಸುವಳು. ಸಾವಂತ್ರೆವ್ವ ಹೊರಸಿನ ಮೇಲೆ ಕೂತು, “ಯಾಕಷ್ಟ ಒರಸ್ತೀಯವಾ, ಅವ್ರು ಬರಂಗಿಲ್ಲ” ಎಂದರೆ, “ಒಬ್ರು ಬಂದ ಕುಂತ್ರ ಸಾಕ ಬೇ. ಒಬ್ರ. ಆಮ್ಯಾಲೆ ಈ ಕುರ್ಚಿ ಮುರದ ಒಲಿಗೆ ಹಾಕ್ತೀನಿ” ಎನ್ನುವಳು. ಮೇಲಿನ ಓಣಿಯ ಒಬ್ಬರು ತನ್ನ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಎಲ್ಲರ ಎದುರು ಕೂತು ಉಣ್ಣಬೇಕು. ಅವಳ ಹಟ ಅಷ್ಟೇ. ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಅಂಗಳದ ಮುಂದೆ ಹಾಯುವಾಗ ಆಕಾಶದಲ್ಲಿ ಏನೋ ಹುಡುಕುತ್ತಾ ನಡೆಯುತ್ತಿದ್ದೆವು.

ಕಳೆದ ಮಳೆಗಾಲದಲ್ಲಿ ಗೌಡರ ಮಗಳು ಸೌಂದರ್ಯಾಳನ್ನು ನೋಡಲು ಹುಬ್ಬಳ್ಳಿಯಿಂದ ವರ ಬಂದ. ಜೊತೆಗೆ ಅವನ ಅಜ್ಜಿ ಶಿವಗಂಗವ್ವ. ಆ ಮನೆಯಲ್ಲಿ ಹೂಂ ಅನ್ನಲು, ಊಹೂಂ ಅನ್ನಲು ಅಧಿಕಾರವಿದ್ದದ್ದು ಆಕೆ ಒಬ್ಬಳಿಗೇ. ಅವರ ಕಾರು ಊರೊಳಗೆ ಬಂದು ನಿಂತದ್ದೇ ತಡ, ಎರಡೂ ಹಳ್ಳ ಒಟ್ಟಿಗೆ ಬಂದವು. ರಸ್ತೆ ಮುಳುಗಿತು, ಸೇತುವೆ ಮುಳುಗಿತು. ನಮ್ಮೂರು ವರ್ಷಕ್ಕೊಮ್ಮೆ ಹೀಗೆ ನಡುಗಡ್ಡೆಯಾಗುತ್ತದೆ. ಆ ಹೊತ್ತಿನಲ್ಲಿ ಮೇಲಿಂದ ನೋಡಿದರೆ ಸಿಂಹಳ ದ್ವೀಪದ ತಮ್ಮನಂತೆ ಕಾಣುತ್ತೇವೆ.

ಗೌಡರು ಎದೆ ಉಬ್ಬಿಸಿ ಪಡಸಾಲೆಯಲ್ಲಿ ಹೇಳಿದರು: “ಏನೂ ಕಾಳಜಿ ಮಾಡಬ್ಯಾಡ್ರಿ. ಹಳ್ಳ ಬಂದ್ರೇನಾತು, ನಮ್ಮೂರಾಗ ಏನೂ ಕಮ್ಮಿ ಇಲ್ಲ. ನಿಮ್ಮ ಬಾಯಿಗೆ ಏನ್ ಬೇಕ, ಹೇಳ್ರಿ. ಹಾಜರ್!”

ಶಿವಗಂಗವ್ವನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಎದುರಿಗಿಟ್ಟ ಕಡಕ್ ರೊಟ್ಟಿಯನ್ನು ಮನೆಯ ಹೆಂಚು ನೋಡಿದಂತೆ ನೋಡಿ, “ಹಂಗಾರ ಒಂದೀಟ ಪಾಸ್ತಾ ತರಸ್ರಿ. ಬಿಳೀ ಸಾರಿಂದು. ನಿಮ್ಮೂರಾಗ ಚೊಲೊ ಇಟಾಲಿಯನ್ ಹೋಟೆಲ್ ಯಾವ್ದೈತಿ?” ಎಂದಳು.

ಮೊಮ್ಮಗ ಸಂಕೋಚದಿಂದ ವಿವರಿಸಿದ: ಹಲ್ಲು ಹೋದಾಗಿನಿಂದ ಅಜ್ಜಿಗೆ ಇದೇ ಹುಚ್ಚು. ಹುಬ್ಬಳ್ಳಿಯ ಅಂಥ ಹೋಟೆಲುಗಳೆಲ್ಲ ಆಕೆಗೆ ಗೊತ್ತು; ಯಾವುದರಲ್ಲಿ ಬೆಣ್ಣೆ ಕಳ್ಳತನ ಮಾಡುತ್ತಾರೆ ಎಂಬುದೂ ಗೊತ್ತು.

“ಮೆತ್ತಗ ಅನ್ನ ಕಲಿಸಿ ಕೊಡ್ಲೇನ್ರಿ?” ಎಂದರು ಗೌಡರ ಹೆಂಡತಿ.

“ಅನ್ನ ಮನ್ಯಾಗ ದಿನಾ ಉಣ್ತೀನವಾ. ಇವ್ರು ಏನ್ ಬೇಕ ಕೇಳ್ರಿ ಅಂದ್ರು, ಕೇಳಿದೆ. ಇಲ್ಲಂದ್ರ ಇಲ್ಲ ಅಂದ್ಬಿಡ್ರಿ. ನಾಳೆ ಸಂಬಂಧ ಆದಮ್ಯಾಲೂ ಹಿಂಗ ಬಾಯಿಮಾತ ಆಗಬಾರ್ದು ನೋಡ್ರಿ.”

ಮಗಳ ಮದುವೆ ಪಾಸ್ತಾದ ಎಳೆಗೆ ಜೋತುಬಿದ್ದದ್ದನ್ನು ಕಂಡು ಗೌಡರು ಛತ್ರಿ ಹಿಡಿದು ಎದ್ದರು. ಸಾಕ್ಷಿಗೆಂದು ನಾನೂ ಹಿಂದೆ ಹೋದೆ. ನಾಲ್ಕೂ ದಿಕ್ಕಿಗೆ ನೀರಿರುವ ಎರೆಕೊಪ್ಪದಲ್ಲಿ, ಕೆಸರಿನಲ್ಲಿ ಜಾರುತ್ತಾ, ಗೌಡರು ಒಳ್ಳೆಯ ಇಟಾಲಿಯನ್ ಹೋಟೆಲು ಹುಡುಕತೊಡಗಿದರು.

ಮೊದಲು ದಾವೂದಸಾಬನ ಚಹಾದಂಗಡಿ.

“ದಾವೂದಾ, ಇಟಾಲಿಯನ್ ಏನರೆ ಐತೇನೋ?”

“ಗೋಬಿ ಮಂಚೂರಿ ಐತ್ರಿ ಗೌಡ್ರ. ಚೀನಾ ನಡಿಯಂಗಿಲ್ಲೇನ್ರಿ? ಅದೂ ಪರದೇಶನ ಅಲ್ಲೇನು.”

ಕಿರಾಣಿ ಅಂಗಡಿಯಲ್ಲಿ ಶ್ಯಾವಿಗೆ ಸಿಕ್ಕಿತು. ಅದನ್ನೇ ಹಾಲಿನಲ್ಲಿ ಕುದಿಸಿ, ಸಕ್ಕರೆಯ ಬದಲು ಉಪ್ಪು ಹಾಕಿ ಮುದುಕಿಯ ಮುಂದಿಟ್ಟರು. ಶಿವಗಂಗವ್ವ ಮೂಸಿಯೂ ನೋಡಲಿಲ್ಲ. “ಇದು ಶ್ಯಾವಿಗಿ. ಇದನ್ನ ಮಾಡಿ ಮಾಡಿನ ನನ್ನ ಕೈ ಸವದಾವು. ನನಗ ಮೋಸ ಮಾಡ್ತೀರೇನು?”

ಗೌಡರು ಮತ್ತೆ ಬೀದಿಗೆ ಬಂದರು. ಬಸ್‌ಸ್ಟ್ಯಾಂಡ್ ಸುತ್ತಿದರು, ಗುಡಿ ಸುತ್ತಿದರು, ಶಾಲೆ ಸುತ್ತಿದರು. ಕೆಳಗಿನ ಓಣಿಯೊಂದನ್ನು ಬಿಟ್ಟು ಊರಿನಲ್ಲಿ ಅವರು ಹುಡುಕದ ಮೂಲೆ ಉಳಿಯಲಿಲ್ಲ. ಮೂರನೇ ಸುತ್ತಿಗೆ ದಾವೂದಸಾಬನಿಗೆ ತಡೆಯಲಾಗಲಿಲ್ಲ.

“ಗೌಡ್ರ, ಹುಡಕೂದ್ಯಾಕ್ರಿ? ಎಲ್ಲೈತಿ ಅಂತ ಇಡೀ ಊರಿಗೆ ಗೊತ್ತೈತಿ.”

ಗೌಡರು ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಮಳೆ ನಿಂತು ಬಹಳ ಹೊತ್ತಾಗಿತ್ತು.

ಕೊನೆಗೆ ಕೆಳಗಿನ ಓಣಿಯ ಮೂಲೆಯಲ್ಲಿ ನಿಂತು, ಅಂಗಳಕ್ಕೆ ಕಾಲಿಡದೆ, ಕೂಗಿದರು. “ಗಂಗೀ! ಒಂದ ಪಾರ್ಸಲ್ ಬೇಕಾಗಿತ್ತಲೇ.”

“ಪಾರ್ಸಲ್ ಬಂದ್ ಆಗೇತ್ರಿ. ಕುರ್ಚಿ ಖಾಲಿ ಅದಾವು.”

“ನನಗಲ್ಲಲೇ. ಬೀಗರ ಮುದುಕಿ. ಹಲ್ಲಿಲ್ಲ. ಬೆಳಿಗ್ಗಿಯಿಂದ ಏನೂ ತಿಂದಿಲ್ಲ.”

ಗಂಗಾಳ ಮುಖ ಸ್ವಲ್ಪ ಸಡಿಲವಾಯಿತು. “ಹಸದ ಮುದುಕಿ ಮ್ಯಾಲೆ ನಂದೇನ್ ಸಿಟ್ಟು? ಈಗ ಎಸರ ಇಡ್ತೀನಿ. ಕರ್ಕೊಂಡ ಬರ್ರಿ. ಇದು ಆರಿದ್ರ ಅಂಟಾಗ್ತೈತಿ, ಹೊತ್ಕೊಂಡ ಹೋಗೂ ಊಟ ಅಲ್ಲ.”

“ನಿಮ್ಮ ಮನಿಗೆ ಬೀಗರನ್ನ ಹೆಂಗ ಕರ್ಕೊಂಡ ಬರ್ಲೇ? ಹೋಟೆಲ್ ಆಗಿದ್ರ ಮಾತ ಬ್ಯಾರೆ.”

“ಹೋಟೆಲ್ ಮಾಡ್ತೀನಿ ಅಂದಾಗ ಕೀಲಿ ಕಳದಿತ್ತಲ್ರಿ.”

ಉತ್ತರದ ಬದಲು ಗೌಡರಿಗೆ ಒಂದು ಉಪಾಯ ಹೊಳೆಯಿತು. ನಮ್ಮಂಥ ಊರಿನ ನಮ್ಮಂಥ ತಲೆಗೆ ಮಾತ್ರ ಹೊಳೆಯುವಂಥದ್ದು. ಹೋಟೆಲಿಗೂ ಮನೆಗೂ ಏನು ವ್ಯತ್ಯಾಸ? ಬೋರ್ಡು! ಬೋರ್ಡು ಹಚ್ಚಿದರೆ ಹೋಟೆಲಾಯಿತು, ಹೋಟೆಲಾದರೆ ದೋಷ ತೀರಿತು.

ಮನೆಗೆ ಓಡಿದರು. ಅಟ್ಟದ ಮೇಲಿನ ಹಲಗೆ ಇಳಿಸಿದರು. ಪೇಂಟು ತರಲು ನವಲಗುಂದದ ದಾರಿ ಇಲ್ಲ. ಎತ್ತಿನ ಕೊಂಬಿಗೆ ಹಚ್ಚುವ ಕೆಂಪು ಬಣ್ಣವೇ ಆಯಿತು. ಮುದುಕಿಗೆ, “ಹೋಟೆಲ್ ಒಂದೈತ್ರಿ, ಇನ್ನೇನ್ ತಗೀತೈತಿ” ಎಂದು ಹೇಳಿ, ಹಿತ್ತಲಲ್ಲಿ ಕೂತು ಸ್ವಂತ ಕೈಯಿಂದ ಬರೆದರು: ‘ಶ್ರೀ ಗಂಗಾ ಇಟಾಲಿಯನ್ ಹೋಟೆಲ್. ಶುದ್ಧ ಶಾಕಾಹಾರಿ.’ ಒಣಗುವ ಮೊದಲೇ ಹಲಗೆಯನ್ನು ಎದೆಗೆ ಅವಚಿಕೊಂಡು, ಸುತ್ತಿಗೆ ಮೊಳೆ ಹಿಡಿದು ಕೆಳಗಿನ ಓಣಿಗೆ ನಡೆದರು. ಹೋಟೆಲ್ ಎಂಬ ಅಕ್ಷರ ಅವರ ಬಿಳಿ ಅಂಗಿಯ ಮೇಲೆ ತಿರುವುಮುರುವಾಗಿ ಮೂಡಿತು. ಹಿಂದೆ ಮೇಲಿನ ಓಣಿಯ ಅರ್ಧ ಜನ. ಉಳಿದರ್ಧ ಮಾಳಿಗೆಯ ಮೇಲೆ.

ಗಂಗಾ ಬಿಳೀ ಸಾರು ತಿರುವುತ್ತಿದ್ದಳು. ಬೆಣ್ಣೆ, ಎಮ್ಮೆಯ ಹಾಲು, ಮೆಣಸು, ಬೆಳ್ಳುಳ್ಳಿ. ಆ ಘಮಕ್ಕೆ ಎರಡೂ ಹಳ್ಳಗಳು ಒಂದು ಗಳಿಗೆ ಹರಿಯುವುದನ್ನು ಮರೆತವು. ಗೌಡರು ಚಪ್ಪರದ ಕಂಬದ ಹತ್ತಿರ, ಹೊರಗೇ, ನಿಂತರು.

“ಇಲ್ಲಿ ಹೊಡೀಲೇನ ಗಂಗೀ? ಕಾಣ್ತೈತೇನು?”

“ಯಾರಿಗ ಕಾಣಬೇಕ್ರಿ? ನಮ್ಮ ಮನಿ ಎಲ್ಲೈತಿ ಅಂತ ನಿಮ್ಮೂರ ಮಂದಿಗೆಲ್ಲಾ ಗೊತ್ತೈತಿ. ಅದಕ್ಕ ಅಲ್ಲೇನ್ರಿ ಯಾರೂ ಇತ್ತ ಬರದ ಇದ್ದದ್ದು.”

ಸುತ್ತಿಗೆ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಅಷ್ಟರಲ್ಲಿ ಹಿಂದಿನ ಜನ ಸರಿದು ದಾರಿ ಬಿಟ್ಟಿತು. ಸೌಂದರ್ಯಾಳ ತೋಳು ಹಿಡಿದು, ಕೆಸರಿನಲ್ಲಿ ಹೆಜ್ಜೆ ಎಣಿಸುತ್ತಾ, ಶಿವಗಂಗವ್ವ ಬರುತ್ತಿದ್ದಳು. ಕಾದು ಕಾದು ಬೇಸತ್ತು ಘಮ ಹಿಡಿದು ಹೊರಟವಳು. ನೇರ ಚಪ್ಪರದೊಳಗೆ ಬಂದು ಕುರ್ಚಿಯಲ್ಲಿ ಕೂತಳು. “ಈಟ ಚೊಲೊ ವಾಸನಿ ಬರ್ತೈತಿ, ಇಲ್ಲ ಇಲ್ಲ ಅಂತಿದ್ರಿ. ಹಾಕವಾ ತಂಗಿ.”

ಗಂಗಾ ತಾಟು ಇಟ್ಟಳು. ಮುದುಕಿ ಎರಡು ತುತ್ತು ತಿಂದು ಕಣ್ಣು ಮುಚ್ಚಿದಳು. “ಹುಬ್ಬಳ್ಳ್ಯಾಗ ಇದನ್ನ ಮಾಡಾವ್ರೆಲ್ಲಾ ಕಳ್ಳರು” ಎಂದಳು. ಮೂರನೇ ತುತ್ತಿಗೆ ಕಣ್ಣು ತೆರೆದಾಗ ತೆರೆದ ಬಾಗಿಲೊಳಗಿನ ಗೋಡೆ ಕಂಡಿತು. ಬುದ್ಧನನ್ನು ನೋಡಿದಳು, ಬಾಬಾಸಾಹೇಬರನ್ನು ನೋಡಿದಳು, ಹೊರಸಿನ ಮೇಲಿನ ಸಾವಂತ್ರೆವ್ವನನ್ನು ನೋಡಿದಳು.

“ತಂಗಿ, ಇದು ಹೋಟೆಲ್ಲೋ ಮನಿಯೋ?”

“ಮನಿ ರೀ, ಆಯಿ. ಗೌಡ್ರು ಈಗ ಬೋರ್ಡ್ ಹಚ್ಚಿದ್ರ ಹೋಟೆಲ್ ಆಗ್ತೈತಂತ.”

ತುತ್ತು ಹಿಡಿದ ಕೈ ಅರ್ಧಕ್ಕೆ ನಿಂತಿತು. ಶಿವಗಂಗವ್ವ ದೇವಲೋಕದಿಂದ ಇಳಿದು ಬಂದವಳಲ್ಲ. ಆಕೆಯ ತವರಿನ ಕೊಟ್ಟಿಗೆಯಲ್ಲೂ ಅಂಥದ್ದೇ ಒಂದು ಗೂಡು ಇದ್ದಿರಬೇಕು. ಹಲಗೆಯನ್ನು ನೋಡಿದಳು, ಗೌಡರ ಅಂಗಿಯ ಮೇಲಿನ ಕೆಂಪು ಅಕ್ಷರ ನೋಡಿದಳು, ಎಲ್ಲ ತಿಳಿಯಿತು. ತಾಟನ್ನೂ ಒಮ್ಮೆ ನೋಡಿದಳು. ಆಮೇಲೆ ತುತ್ತು ಬಾಯಿಗೆ ಹೋಯಿತು.

“ಮೂರ ತುತ್ತ ಹೊಟ್ಟ್ಯಾಗ ಇಳದಾವು. ಇನ್ನ ಬೋರ್ಡ್ ಹಚ್ಚಿ ಯಾರಿಗ ತೋರಸ್ತೀರಿ ಗೌಡ್ರ? ಕೆಳಗಿಡ್ರಿ ಅದನ್ನ. ಬಂದ ಕುಂಡರ್ರಿ. ನೀವ ಹೊರಗ ನಿಂತ್ರ ನನಗ ಒಳಗ ಕುಂತ ಉಣ್ಣಾಕ ನಾಚಿಕಿ ಬರ್ತೈತಿ.”

ಆ ನಾಚಿಕೆ ಎಂಬ ಮಾತು ಅಂಗಳ ದಾಟಿ ಬಂದು ನಮ್ಮೆಲ್ಲರ ಕೊರಳಿಗೆ ಜೋತುಬಿತ್ತು. ಆ ಹೊತ್ತಿನಲ್ಲಿ ಎರೆಕೊಪ್ಪದವರ ತಲೆಗಳನ್ನು ಮೇಲೆತ್ತಲು ಜೆಸಿಬಿ ತರಿಸಬೇಕಾಗಿತ್ತು. ಹಳ್ಳ ಬಂದಿದ್ದರಿಂದ ಅದಕ್ಕೂ ದಾರಿ ಇರಲಿಲ್ಲ. ಪಾರ್ಸಲ್ ತಿಂದು ಬಾಯಿ ಒರೆಸಿಕೊಂಡವರೆಲ್ಲ ನಿಂತಲ್ಲೇ ಕೆಸರು ನೋಡುತ್ತಿದ್ದೆವು. ಮಾಳಿಗೆಯ ಮೇಲಿದ್ದವರು ಸದ್ದಿಲ್ಲದೆ ಕೆಳಗಿಳಿದರು.

ಗೌಡರು ಹಲಗೆಯನ್ನು ಅಕ್ಷರ ಒಳಗಾಗುವಂತೆ ಗೋಡೆಗೆ ಒರಗಿಸಿದರು. ಚಪ್ಪಲಿ ಬಿಟ್ಟರು. ತಲೆ ತಗ್ಗಿಸಿ ಚಪ್ಪರದೊಳಗೆ ಬಂದು ಕೂತರು. ಗೌಡರು ಬಂದದ್ದು ಕಂಡು ಸಾವಂತ್ರೆವ್ವ ಸೆರಗು ತಲೆಗೆಳೆದು, ನೋಯುವ ಮೊಣಕಾಲು ಹಿಡಿದು ಏಳಲು ಹೋದಳು.

“ಕುಂಡ್ರ ಬೇ ಯವ್ವಾ” ಎಂದಳು ಗಂಗಾ. “ಗಿರಾಕಿ ಬಂದ್ರ ಮನಿ ಮಂದಿ ಏಳಂಗಿಲ್ಲ.”

ಗೌಡರು ಉಂಡರು. ತಾಟಿನಿಂದ ಕಣ್ಣೆತ್ತಿದರೆ ಎದುರಿಗೆ ಸಾವಂತ್ರೆವ್ವ, ಹಾಗಾಗಿ ಕಣ್ಣೆತ್ತಲಿಲ್ಲ. ನಡುವೆ ಎಡಗೈ ಕಿಸೆಗೆ ಹೋಯಿತು. ಒಂದು ಕೀಲಿ ಮೇಜಿನ ಮೇಲೆ ಬಂತು.

“ಮಳಿಗಿ ಕೀಲಿ ಗಂಗವ್ವಾ. ಸಿಕ್ತು.”

ಹುಟ್ಟಿದಾಗಿನಿಂದ ಗಂಗಿಯಾಗಿದ್ದವಳು ಅಂದು ಗಂಗವ್ವನಾದಳು. ಅವಳು ಕೀಲಿ ಮುಟ್ಟಲಿಲ್ಲ. “ಎಲ್ಲಿ ಸಿಕ್ತ್ರಿ?” ಎಂದು ಮಾತ್ರ ಕೇಳಿದಳು. ಗೌಡರ ಕಿವಿ ಕೊಂಬಿನ ಬಣ್ಣಕ್ಕೆ ತಿರುಗಿತು.

ಶಿವಗಂಗವ್ವ ತಾಟು ಬಿಟ್ಟು ಎದ್ದು, ಸೌಂದರ್ಯಾಳ ತೋಳಿಗೆ ಕೈ ಹಾಕಿ, “ನಡಿಯವಾ, ನಿಮ್ಮ ಮನಿಗೆ ಹೋಗೂಣು” ಎಂದಳು. ಗೌಡರೂ ಎದ್ದರು. ಎದ್ದವರು ಹೊರಡಲಿಲ್ಲ. ಏನು ಮಾಡಬೇಕು ತಿಳಿಯದ ಕೈಗಳು ಎಂಜಲು ತಾಟನ್ನು ಎತ್ತಿಕೊಂಡವು. ನೀರಿನ ಕೊಡ ಎಲ್ಲಿದೆ ಎಂದು ಅತ್ತಿತ್ತ ನೋಡಿ, ಅಂಗಳದ ಮೂಲೆಯ ಬಚ್ಚಲ ಕಲ್ಲಿನ ಕಡೆ ಎರಡು ಹೆಜ್ಜೆ ಇಟ್ಟರು. ಸಾವಂತ್ರೆವ್ವ ಬಾಯಿಗೆ ಸೆರಗು ಹಿಡಿದಳು.

ಗಂಗಾ ಅಡ್ಡ ಬಂದು ಅವರ ಕೈಯಿಂದ ತಾಟು ತೆಗೆದುಕೊಂಡಳು.

“ಕೊಡ್ರಿ ಗೌಡ್ರ. ನಮ್ಮಲ್ಲಿ ಉಂಡಾವರ ಕಡಿಂದ ತಾಟ ತೊಳಸಂಗಿಲ್ಲ. ಅದು ನಿಮ್ಮ ಮನಿ ಪದ್ಧತಿ.”